ತಟ್ಟೆಗೆ ಬಂದ ಮೀನಿಗೆ ವಯಸ್ಸೆಷ್ಟು?

ಪ್ರಶ್ನೆ: ನನಗೆ ಕಡಲ ಮೀನು ಅಂದರೆ ಪ್ರಾಣ. ಮನೆಯಲ್ಲಿ ವಾರಕ್ಕೆ ಎರಡು ಮೂರು ಸಲ ಮಾಡುತ್ತೇವೆ. 2048ಕ್ಕೆ ಸಮುದ್ರದಲ್ಲಿ ಮೀನೇ ಇರುವುದಿಲ್ಲ ಅಂತ ಗೆಳತಿಯೊಬ್ಬಳು ಹೇಳಿದಳು. ಅಂದಿನಿಂದ ತಿನ್ನುವಾಗಲೆಲ್ಲ ಒಂದು ಕಸಿವಿಸಿ. ಮೊನ್ನೆ ಮೀನು ಕೊಯ್ದಾಗ ಹೊಟ್ಟೆ ತುಂಬ ಮೊಟ್ಟೆ ಇತ್ತು. ಪಾಪ ಮಾಡಿದೆ ಅನ್ನಿಸಿ ಮೊಟ್ಟೆಯನ್ನು ಎಸೆದುಬಿಟ್ಟೆ. ಕಡಲ ಮೀನು ಬಿಟ್ಟೇಬಿಡಬೇಕಾ? ಸಾಕಿದ ಮೀನು ವಾಸಿನಾ? ಪ್ಯಾಕೆಟ್ ಮೇಲಿನ ನೀಲಿ ಮುದ್ರೆಯನ್ನು ನಂಬಬಹುದಾ? ಆರು ವರ್ಷದ ಮಗಳಿಗೆ ಯಾವ ಮೀನು ಕೊಡಲಿ?

ಉತ್ತರ: ಮೊದಲು 2048ರ ವಿಷಯ ಮುಗಿಸಿಬಿಡೋಣ. ಆ ಇಸವಿ ಹುಟ್ಟಿದ್ದು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನದಿಂದ. ಬೋರಿಸ್ ವರ್ಮ್ ಮತ್ತು ಸಂಗಡಿಗರು ಬರೆದದ್ದು. ಹಿಂದಿನ ದಶಕಗಳಲ್ಲಿ ಎಷ್ಟು ಬಗೆಯ ಮೀನುಗಾರಿಕೆ ಕುಸಿದಿದೆ ಅಂತ ಅವರು ಒಂದು ಗೆರೆ ಎಳೆದರು. ಗೆರೆ ಹೀಗೇ ಮುಂದುವರಿದರೆ 2048ಕ್ಕೆ ತಳ ಮುಟ್ಟುತ್ತದೆ ಅಂದರು. ಅವರ ಲೆಕ್ಕದಲ್ಲಿ ‘ಕುಸಿತ’ ಅಂದರೆ ಬಲೆಗೆ ಬೀಳುವ ಪ್ರಮಾಣ ತನ್ನ ಗರಿಷ್ಠದ ಹತ್ತನೇ ಒಂದು ಪಾಲಿಗಿಂತ ಕೆಳಗಿಳಿಯುವುದು. ಮೀನೇ ಇಲ್ಲ ಅಂತಲ್ಲ. ರೇ ಹಿಲ್ಬಾರ್ನ್ ಎಂಬ ಇನ್ನೊಬ್ಬ ವಿಜ್ಞಾನಿ ಈ ಲೆಕ್ಕವನ್ನು ಚೆನ್ನಾಗಿಯೇ ಜಾಡಿಸಿದರು. ಆಮೇಲೆ ಇಬ್ಬರೂ ಒಟ್ಟಿಗೆ ಕೂತು, ಇನ್ನಷ್ಟು ಅಂಕಿಗಳನ್ನು ಹರಡಿಕೊಂಡು ನೋಡಿ, 2009ರಲ್ಲಿ ಜೊತೆಯಾಗಿ ಒಂದು ಲೇಖನ ಬರೆದರು. ಹಿಡಿಯುವುದಕ್ಕೆ ಮಿತಿ ಹಾಕಿದ ಕಡೆ ಮೀನು ಚೇತರಿಸಿಕೊಳ್ಳುತ್ತಿದೆ, ಹಾಕದ ಕಡೆ ಇಲ್ಲ ಅನ್ನುವುದು ಅದರ ಸಾರ. ಗೆಳತಿಗೆ ಹೇಳಿ, ಆ ಇಸವಿಯನ್ನು ಅದನ್ನು ಬರೆದವರೇ ಬಿಟ್ಟು ಮುಂದೆ ಹೋಗಿದ್ದಾರೆ.

ಹಾಗಂತ ನೆಮ್ಮದಿಯಾಗಿ ಕೂರುವ ಹಾಗೂ ಇಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಗತ್ತಿನ ಮೀನು ಸಂತತಿಗಳ ಲೆಕ್ಕ ಇಡುತ್ತದೆ. ಸಂತತಿ ಅಂದರೆ ಕಡಲಿನ ಒಂದು ಭಾಗದಲ್ಲಿರುವ ಒಂದು ಜಾತಿಯ ಮೀನುಗಳ ಗುಂಪು. 1974ರಲ್ಲಿ ನೂರರಲ್ಲಿ ಹತ್ತು ಸಂತತಿಗಳು ಮಿತಿಮೀರಿದ ಬೇಟೆಗೆ ಸಿಕ್ಕಿದ್ದವು. 2021ಕ್ಕೆ ಅದು 37.7 ಆಗಿದೆ. ಆ ಸಂಸ್ಥೆಯ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ. ದಡಕ್ಕೆ ಬರುವ ಮೀನನ್ನು ತೂಕದಲ್ಲಿ ಲೆಕ್ಕ ಹಾಕಿದರೆ ಸುಮಾರು ನೂರಕ್ಕೆ 77 ಪಾಲು ಇನ್ನೂ ಗಟ್ಟಿಯಾಗಿರುವ ಸಂತತಿಗಳಿಂದಲೇ ಬರುತ್ತಿದೆ. ಮೊದಲನೇ ಅಂಕಿ ಹೇಳಿ ಹೆದರಿಸುವವರು ಎರಡನೆಯದನ್ನು ಹೇಳುವುದಿಲ್ಲ. ಎರಡನೆಯದನ್ನು ಹೇಳಿ ಸಮಾಧಾನ ಮಾಡುವವರು ಮೊದಲನೆಯದನ್ನು ನುಂಗುತ್ತಾರೆ. ನಿಮಗೆ ಎರಡೂ ಗೊತ್ತಿರಲಿ.

ಅಂದರೆ ಮೀನು ಬಿಡಬೇಕಾಗಿಲ್ಲ. ಆದರೆ ಕೊಳ್ಳುವಾಗ ‘ಇದು ಒಳ್ಳೆಯ ಮೀನಾ?’ ಅನ್ನುವ ಬದಲು ‘ಇದಕ್ಕೆ ವಯಸ್ಸೆಷ್ಟು?’ ಅಂತ ಯೋಚಿಸಿ. ವಿಚಿತ್ರ ಅನ್ನಿಸಬಹುದು. ನನ್ನ ಅರ್ಧ ಆಯುಸ್ಸು ಕಳೆದದ್ದೇ ಈ ಪ್ರಶ್ನೆಯಲ್ಲಿ.

ಮೀನಿನ ತಲೆಬುರುಡೆಯನ್ನು ಸರಿಯಾದ ಜಾಗದಲ್ಲಿ ಸೀಳಿದರೆ, ಮಿದುಳಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಬಿಳಿ ಕಲ್ಲು ಸಿಗುತ್ತವೆ. ಚಿಕ್ಕ ಮೀನಲ್ಲಿ ರವೆಯ ಕಾಳಿನಷ್ಟು, ಕೆಲವು ದೊಡ್ಡ ಮೀನಲ್ಲಿ ಹೆಬ್ಬೆರಳಿನ ಉಗುರಿನಷ್ಟು. ಇವಕ್ಕೆ ಕಿವಿಕಲ್ಲು ಅನ್ನುತ್ತೇವೆ. ಮೀನು ಸಮತೋಲ ಕಾಯ್ದುಕೊಳ್ಳುವುದು, ಸದ್ದು ಕೇಳುವುದು ಇವುಗಳ ಸಹಾಯದಿಂದ. ಚಿಮಟಿಗೆಯಲ್ಲಿ ಎತ್ತಿ, ಒರೆಸಿ, ಅಂಟಿನಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಉಜ್ಜಿ ಉಜ್ಜಿ ನಯ ಮಾಡಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಮರದ ಕಾಂಡ ಕಡಿದಾಗ ಕಾಣುವಂಥ ಉಂಗುರಗಳು. ಬೇಗ ಬೆಳೆದ ಕಾಲಕ್ಕೆ ಅಗಲದ ಪಟ್ಟಿ, ನಿಧಾನವಾದ ಕಾಲಕ್ಕೆ ಕಿರಿದಾದದ್ದು. ಒಂದು ಜೋಡಿ ಅಂದರೆ ಸಾಮಾನ್ಯವಾಗಿ ಒಂದು ವರ್ಷ. ಬೂತಾಯಿಯಂಥ ಚಿಕ್ಕ ಮೀನಿನ ಎಳವೆಯಲ್ಲಿ ದಿನಕ್ಕೊಂದು ಗೆರೆಯನ್ನೂ ಎಣಿಸಬಹುದು.

ಬೂತಾಯಿ, ಬಂಗುಡೆ, ಕೊಳ್ಳುತರಿನಂಥವು ಒಂದು ಎರಡು ವರ್ಷಕ್ಕೆಲ್ಲ ಮೊಟ್ಟೆ ಇಡುವಷ್ಟು ದೊಡ್ಡವಾಗುತ್ತವೆ. ಡಬ್ಬಿಗಳಲ್ಲಿ ಬರುವ ಟ್ಯೂನಾದಲ್ಲಿ ಹೆಚ್ಚಿನದು ಸ್ಕಿಪ್‌ಜಾಕ್ ಅನ್ನುವ ಜಾತಿ. ಅದೂ ಸುಮಾರು ಒಂದು ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ. ಇವನ್ನು ಹಿಡಿದರೆ ಆ ಜಾಗ ಬೇಗ ತುಂಬುತ್ತದೆ.

ಈಗ ಆರೆಂಜ್ ರಫಿ ನೋಡಿ. ಆಳ ಸಮುದ್ರದ ಮೀನು. ಅದರ ಕಿವಿಕಲ್ಲಿನ ಗೆರೆ ಎಣಿಸುವಾಗ ಕಣ್ಣು ಸೋಲುತ್ತದೆ, ಅಷ್ಟು ಒತ್ತೊತ್ತಾಗಿ ಕೂತಿರುತ್ತವೆ. ಮೊದಲ ಸಲ ಮೊಟ್ಟೆ ಇಡುವುದಕ್ಕೇ ಇಪ್ಪತ್ತರಿಂದ ನಲವತ್ತು ವರ್ಷ ಬೇಕು. ನೂರೈವತ್ತು ವರ್ಷ ದಾಟಿ ಬದುಕುವುದೂ ಇದೆ. 1970ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡ್ ಸುತ್ತ ಇದನ್ನು ದೊಡ್ಡ ಪ್ರಮಾಣದಲ್ಲಿ ಹಿಡಿಯಲು ಶುರು ಮಾಡಿದಾಗ ಇದು ಯಾರಿಗೂ ಗೊತ್ತಿರಲಿಲ್ಲ. ಬೇರೆ ಮೀನಿನ ಹಾಗೇ ಬೇಗ ಬೆಳೆಯುತ್ತದೆ ಅಂದುಕೊಂಡರು. ಒಂದು ತುಂಡು ಮೀನಿಗಾಗಿ ಮುತ್ತಜ್ಜನಿಗಿಂತ ಹಿರಿಯ ಜೀವವನ್ನು ಮೇಲೆ ತರುತ್ತಿದ್ದೇವೆ ಅಂತ ತಿಳಿಯುವಷ್ಟರಲ್ಲಿ ಹಲವು ಕಡೆ ಸಂತತಿ ಕುಸಿದಿತ್ತು. ಅಂದಹಾಗೆ ಇದರ ಜಾತಿಗೆ ಇಂಗ್ಲಿಷಿನಲ್ಲಿ ಮೊದಲಿದ್ದ ಹೆಸರಿನ ಅರ್ಥ ‘ಲೋಳೆತಲೆ’. ಆ ಹೆಸರಿಟ್ಟರೆ ಯಾರು ಕೊಳ್ಳುತ್ತಾರೆ? ಹೆಸರು ಬದಲಾಯಿತು, ಮೀನಿನ ಕಥೆ ಮುಗಿಯಿತು. ಇದೇ ರೀತಿ ಪ್ಯಾಟಗೋನಿಯನ್ ಟೂತ್‌ಫಿಶ್ ಅನ್ನುವ ಆಳದ ಮೀನು 1977ರಲ್ಲಿ ಒಬ್ಬ ಆಮದುದಾರನ ಕೈಯಲ್ಲಿ ‘ಚಿಲಿಯನ್ ಸೀ ಬಾಸ್’ ಆಯಿತು. ಅದು ಬಾಸ್ ಮೀನೇ ಅಲ್ಲ.

ಶಾರ್ಕ್, ತೊರಕೆ, ದೊಡ್ಡ ಗ್ರೂಪರ್‌ಗಳೂ ನಿಧಾನದ ಗುಂಪಿಗೇ ಸೇರಿದವು. ಶಾರ್ಕ್‌ಗಳಲ್ಲಿ ಅನೇಕವು ಮೀನಿಗಿಂತ ಹೆಚ್ಚಾಗಿ ನಮ್ಮ ಹಾಗೆ: ತಡವಾಗಿ ಪ್ರಾಯಕ್ಕೆ ಬರುತ್ತವೆ, ಕೆಲವೇ ಮರಿ ಹಾಕುತ್ತವೆ. ಗ್ರೂಪರ್‌ಗಳದ್ದು ಇನ್ನೊಂದು ತಾಪತ್ರಯ. ಹೆಚ್ಚಿನ ಜಾತಿಗಳಲ್ಲಿ ಅವು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ದೊಡ್ಡ ಮೀನನ್ನೇ ಆರಿಸಿ ಹಿಡಿದರೆ ಉಳಿದವಕ್ಕೆ ಗಂಡೇ ಸಿಗುವುದಿಲ್ಲ.

ಮಗಳ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮೀಥೈಲ್ ಮರ್ಕ್ಯುರಿ, ಅಂದರೆ ಪಾದರಸದ ಒಂದು ರೂಪ, ಮೀನಿನ ಮೈಯಲ್ಲಿ ಸೇರಿಕೊಳ್ಳುತ್ತದೆ. ಚಿಕ್ಕ ಮೀನಿನಿಂದ ಅದನ್ನು ತಿನ್ನುವ ಮೀನಿಗೆ, ಅದರಿಂದ ಇನ್ನೂ ದೊಡ್ಡದಕ್ಕೆ ಹೋಗುತ್ತಾ ಜಾಸ್ತಿ ಆಗುತ್ತದೆ. ವರ್ಷ ಕಳೆದಂತೆ ಮತ್ತಷ್ಟು ಕೂಡುತ್ತದೆ. ಅದು ಕೊಬ್ಬಿನಲ್ಲಲ್ಲ, ಮಾಂಸದಲ್ಲೇ ಇರುತ್ತದೆ. ಹಾಗಾಗಿ ಚರ್ಮ ತೆಗೆದರೂ ಚೆನ್ನಾಗಿ ಬೇಯಿಸಿದರೂ ಹೋಗುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಬಸುರಿಯರಿಗೂ ಮಕ್ಕಳಿಗೂ ಬೇಡ ಅನ್ನುವ ಪಟ್ಟಿಯಲ್ಲಿ ಶಾರ್ಕ್, ಕತ್ತಿಮೀನು, ಮಾರ್ಲಿನ್, ಬಿಗ್‌ಐ ಟ್ಯೂನಾ, ನಮ್ಮ ಅಂಜಲ್‌ನ ಬಳಗದ ಕಿಂಗ್ ಮ್ಯಾಕೆರೆಲ್ ಇವೆ. ಆರೆಂಜ್ ರಫಿಯೂ ಇದೆ. ಒಂದಕ್ಕೆ ಅಷ್ಟು ವಯಸ್ಸು, ಉಳಿದವು ಬೇಟೆಯಾಡಿ ಬೆಳೆದ ದೊಡ್ಡ ಮೀನುಗಳು. ಕಡಲಿಗೆ ಭಾರವಾದ ಮೀನುಗಳಲ್ಲಿ ಹಲವು ಮಗುವಿಗೂ ಭಾರ. ಇಂಥ ಅನುಕೂಲದ ಹೊಂದಾಣಿಕೆ ನನ್ನ ಕೆಲಸದಲ್ಲಿ ಬೇರೆಲ್ಲೂ ಸಿಕ್ಕಿಲ್ಲ.

ನಾಲ್ಕರಿಂದ ಏಳು ವರ್ಷದ ಮಗುವಿಗೆ ಒಂದು ಸಲಕ್ಕೆ ಸುಮಾರು 55 ಗ್ರಾಂ, ವಾರಕ್ಕೆ ಎರಡು ಸಲ ಅನ್ನುವುದು ಅದೇ ಆಡಳಿತದ ಸಲಹೆ. ಚಿಕ್ಕ, ಬೇಗ ಬೆಳೆಯುವ ಮೀನು ಕೊಡಿ. ಬೂತಾಯಿಯಲ್ಲಿ ಒಮೆಗಾ-3 ಕೊಬ್ಬು ಧಾರಾಳ. ಮುಳ್ಳಿನ ಭಯ ಇದ್ದೇ ಇದೆ. ಬಿಡಿಸಿಯೇ ಕೊಡಿ. ಡಬ್ಬಿಯ ಸಾರ್ಡಿನ್ ಆದರೆ ಮುಳ್ಳು ಒತ್ತಡದಲ್ಲಿ ಬೆಂದು ಮೆತ್ತಗಾಗಿರುತ್ತದೆ. ಜೊತೆಗೆ ತಿಂದರೆ ಕ್ಯಾಲ್ಸಿಯಂ ಸಿಗುತ್ತದೆ.

ಹಾಗಾದರೆ ಚಿಕ್ಕದಾದಷ್ಟೂ ಒಳ್ಳೆಯದಾ? ಅಲ್ಲ, ಇಲ್ಲೇ ಜನ ಎಡವುವುದು. ಚಿಕ್ಕ ಜಾತಿಯ ಮೀನು ಬೇರೆ, ದೊಡ್ಡ ಜಾತಿಯ ಮರಿ ಬೇರೆ. ಬೆಳೆದು ಮೀಟರ್ ಉದ್ದವಾಗುವ ಮೀನು ಅಂಗಡಿಯಲ್ಲಿ ಅಂಗೈಯಷ್ಟಿದ್ದರೆ ಅದು ಒಂದು ಸಲವೂ ಮೊಟ್ಟೆ ಇಡದೆ ಸತ್ತಿದೆ ಅಂತಲೇ ಲೆಕ್ಕ. ‘ಎಳೆಯದು, ರುಚಿ ಜಾಸ್ತಿ’ ಅನ್ನುವ ಮಾತಿಗೆ ಮರುಳಾಗಬೇಡಿ. ಕೊಳ್ಳುವ ಜಾತಿಗಳ ಪೂರ್ತಿ ಬೆಳೆದ ಅಳತೆ ಸುಮಾರಾಗಿ ತಿಳಿದಿದ್ದರೆ ಸಾಕು, ಕಣ್ಣಳತೆಯಲ್ಲೇ ಗೊತ್ತಾಗುತ್ತದೆ.

ಅತಿ ದೊಡ್ಡ ಹೆಣ್ಣು ಮೀನೂ ಬೆಲೆಬಾಳುವಂಥದ್ದು. 2018ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕ ಕೇಳಿ: ಅಟ್ಲಾಂಟಿಕ್ ಕಾಡ್ ಮೀನಿನಲ್ಲಿ 30 ಕಿಲೋ ತೂಗುವ ಒಂದು ಹೆಣ್ಣು ಇಡುವ ಮೊಟ್ಟೆಗೆ ಸಮವಾಗಬೇಕಾದರೆ 2 ಕಿಲೋದ 28 ಹೆಣ್ಣು ಬೇಕು. ತೂಕದಲ್ಲಿ ಹದಿನೈದು ಪಟ್ಟು, ಮೊಟ್ಟೆಯಲ್ಲಿ ಇಪ್ಪತ್ತೆಂಟು ಪಟ್ಟು. ಹಾಗಾಗಿ ಮರಿಯೂ ಅಲ್ಲದ, ಆ ಜಾತಿಯ ಅಜ್ಜಿಯೂ ಅಲ್ಲದ ನಡುಪ್ರಾಯದ ಮೀನು ಕೊಳ್ಳುವುದು ವಾಸಿ.

ಬೇಗ ಬೆಳೆಯುವ ಮೀನಿಗೂ ಮಿತಿ ಬೇಕು. ಪೆರು ದೇಶದ ಆಂಚೊವೆಟ ಅನ್ನುವ ಪುಟ್ಟ ಮೀನು 1970ರಲ್ಲಿ 1 ಕೋಟಿ ಟನ್ ಮೀರಿ ಸಿಕ್ಕಿತ್ತು. ಒಂದೇ ಜಾತಿ, ಒಂದೇ ವರ್ಷ! ಎರಡು ವರ್ಷದ ಮೇಲೆ ಎಲ್ ನಿನೊ ಬಂದು ನೀರು ಬಿಸಿಯಾಯಿತು. ಮೊದಲೇ ಹಿಂಡಿ ಹಾಕಿದ್ದ ಸಂತತಿ ತಡೆಯಲಿಲ್ಲ. 1973ರಲ್ಲಿ ಸಿಕ್ಕಿದ್ದು 20 ಲಕ್ಷ ಟನ್‌ಗೂ ಕಡಿಮೆ. ಆದರೆ ಅದು ಕೆಲವು ದಶಕಗಳಲ್ಲೇ ಮತ್ತೆ ಮೇಲೆದ್ದಿತು. ಆರೆಂಜ್ ರಫಿಯಾಗಿದ್ದರೆ ಅಷ್ಟು ಹೊತ್ತಿಗೆ ಒಂದು ತಲೆಮಾರು ಪ್ರಾಯಕ್ಕೆ ಬಂದಿರುತ್ತಿತ್ತು ಅಷ್ಟೆ.

ಮೀನಿನ ವಯಸ್ಸು ಕೇಳಿದ ಮೇಲೆ ಅದರ ಊರು ಕೇಳಬೇಕು. ‘ಕಾಡ್ ತಿನ್ನಬಹುದಾ?’ ಅಂತ ಯಾರಾದರೂ ಕೇಳಿದರೆ ನಾನು ‘ಯಾವ ಕಾಡ್?’ ಅನ್ನುತ್ತೇನೆ. ಕೆನಡಾದ ನ್ಯೂಫೌಂಡ್‌ಲೆಂಡ್ ಬಳಿಯ ಕಾಡ್ ಐನೂರು ವರ್ಷ ಜನರನ್ನು ಸಾಕಿತ್ತು. 1992ರ ಜುಲೈ 2ರಂದು ಸರ್ಕಾರ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷದ ಮಟ್ಟಿಗೆ ಅಂತ ಹಾಕಿದ ತಡೆ ತೆಗೆದದ್ದು 32 ವರ್ಷದ ಮೇಲೆ, 2024ರಲ್ಲಿ. ಅದನ್ನು ತೆಗೆದದ್ದು ಸರಿಯಾ ಅನ್ನುವ ಜಗಳ ಇನ್ನೂ ನಿಂತಿಲ್ಲ. ಅದೇ ಜಾತಿಯ ಕಾಡ್ ನಾರ್ವೆ, ರಷ್ಯಾಗಳ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ ತುಂಬಿ ತುಳುಕುತ್ತಿತ್ತು. 2013ರಲ್ಲಿ ಅಲ್ಲಿ 10 ಲಕ್ಷ ಟನ್ ಹಿಡಿಯಲು ಅವಕಾಶ ಕೊಟ್ಟಿದ್ದರು. ಆದರೆ 2025ಕ್ಕೆ ಅದೂ 3 ಲಕ್ಷ 40 ಸಾವಿರ ಟನ್‌ಗೆ ಇಳಿದಿದೆ. ಹೀಗಾಗಿಯೇ ‘ತಿನ್ನಬಹುದಾದ ಮೀನುಗಳು’ ಅಂತ ಫ್ರಿಜ್ ಮೇಲೆ ಅಂಟಿಸಿಕೊಂಡ ಪಟ್ಟಿ ಹತ್ತು ವರ್ಷ ಹಳೆಯದಾದರೆ ಕಿತ್ತು ಎಸೆಯಿರಿ. ಬದಲಾವಣೆ ಎರಡೂ ಕಡೆಗೆ ಆಗುತ್ತದೆ. ಅಳಿವಿನಂಚಿನ ಪಟ್ಟಿಯಲ್ಲಿದ್ದ ಅಟ್ಲಾಂಟಿಕ್ ಬ್ಲೂಫಿನ್ ಟ್ಯೂನಾ, ಬೇಟೆಗೆ ಕಡಿವಾಣ ಬಿದ್ದ ಮೇಲೆ ಚೇತರಿಸಿಕೊಂಡು 2021ರಲ್ಲಿ ಅಲ್ಲಿಂದ ಹೊರಬಂತು.

ಪ್ಯಾಕೆಟ್ ಮೇಲೆ ಕೆಲವು ಸಲ ಒಂದು ಸಂಖ್ಯೆ ಇರುತ್ತದೆ, ‘ಪ್ರದೇಶ 27’ ಅನ್ನುವ ಹಾಗೆ. ಅದು ಪಿನ್‌ಕೋಡ್ ಇದ್ದ ಹಾಗೆ. ಜಗತ್ತಿನ ಕಡಲುಗಳನ್ನು ಮೀನುಗಾರಿಕೆಯ ಲೆಕ್ಕಕ್ಕಾಗಿ ಭಾಗ ಮಾಡಿ ನಂಬರು ಕೊಟ್ಟಿದ್ದಾರೆ. 27 ಅಂದರೆ ಅಟ್ಲಾಂಟಿಕ್‌ನ ಈಶಾನ್ಯ ಭಾಗ, 51 ಹಿಂದೂ ಮಹಾಸಾಗರದ ಪಶ್ಚಿಮ, 57 ಅದರ ಪೂರ್ವ, 71 ಪೆಸಿಫಿಕ್‌ನ ಪಶ್ಚಿಮ ಮಧ್ಯ ಭಾಗ. ಜಾತಿಯ ವೈಜ್ಞಾನಿಕ ಹೆಸರು, ಹಿಡಿದ ಜಾಗ, ಬಳಸಿದ ಬಲೆ ಮೂರನ್ನೂ ಬರೆದ ಪ್ಯಾಕೆಟ್ಟನ್ನೇ ಆರಿಸಿ. ‘ಕಡಲ ಮೀನು, ತಾಜಾ’ ಅಂತ ಮಾತ್ರ ಬರೆದಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಇನ್ನು ಬಲೆಯ ವಿಷಯ. ಇದನ್ನು ಓದಿ ತಿಳಿಯುವುದಕ್ಕಿಂತ ನೋಡಬೇಕು. ಚೀಲದಂಥ ಬಲೆಯನ್ನು ಹಿಂದೆ ಎಳೆದುಕೊಂಡು ಸಿಗಡಿ ಹಿಡಿಯುವ ಟ್ರಾಲ್ ಬೋಟಿನಲ್ಲಿ ನಾನು ಮೊದಲ ಸಲ ಹೋದಾಗ ಬಲೆಯ ಬಾಲದ ಚೀಲವನ್ನು ಎತ್ತಿ ಡೆಕ್ಕಿನ ಮೇಲೆ ತೂಗಿಸಿ, ಕೆಳಗಿನ ಗಂಟು ಎಳೆದರು. ದಡ್ ಅಂತ ಒಂದು ರಾಶಿ ಬಿತ್ತು. ಅದರಲ್ಲಿ ನಕ್ಷತ್ರಮೀನು, ಏಡಿ, ಬೆರಳುದ್ದದ ಹತ್ತಾರು ಜಾತಿಯ ಮೀನು, ಚಪ್ಪಟೆ ಮೀನಿನ ಮರಿಗಳು, ಕೆಸರು, ಒಂದು ಒಡೆದ ಬಾಟಲಿ. ಸಿಗಡಿ ಎಲ್ಲಿ ಅಂತ ಹುಡುಕಬೇಕಾಯಿತು. ಇಬ್ಬರು ಕುಕ್ಕರುಗಾಲಲ್ಲಿ ಕೂತು ಸಿಗಡಿ ಆರಿಸಿ ಬುಟ್ಟಿಗೆ ಹಾಕಿದರು. ಉಳಿದದ್ದರಲ್ಲಿ ಕೆಲವನ್ನು ಇಟ್ಟುಕೊಂಡರು, ಮಿಕ್ಕದ್ದನ್ನು ಹಲಗೆಯಲ್ಲಿ ತಳ್ಳಿ ನೀರಿಗೆ ಬಿಟ್ಟರು. ಅಷ್ಟು ಹೊತ್ತಿಗೆ ಬಹುತೇಕ ಸತ್ತಿದ್ದವು. ಹಿಂದೆ ಹಕ್ಕಿಗಳ ಜಾತ್ರೆ. ಆ ರಾಶಿಯಿಂದ ಒಂದು ಬುಟ್ಟಿ ತುಂಬ ಅಳೆಯಲು ತಂದೆ. ಹೆಚ್ಚಿನವು ವರ್ಷ ತುಂಬದ ಮರಿಗಳು.

ಹೀಗೆ ಹಿಡಿದು ವಾಪಸ್ ಎಸೆಯುವ ಮೀನು ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 91 ಲಕ್ಷ ಟನ್ ಅಂತ ಆಹಾರ ಮತ್ತು ಕೃಷಿ ಸಂಸ್ಥೆಯ 2019ರ ಅಂದಾಜು. ಅದರಲ್ಲಿ ಅರ್ಧಕ್ಕೆ ಹತ್ತಿರ ತಳ ಗುಡಿಸುವ ಟ್ರಾಲ್‌ಗಳದ್ದು. ಆದರೂ ಎಲ್ಲ ಟ್ರಾಲ್ ಒಂದೇ ಅಲ್ಲ. ನೀರಿನ ನಡುವೆ ಎಳೆಯುವ ಟ್ರಾಲ್ ತಳ ಮುಟ್ಟುವುದಿಲ್ಲ. ಮರಳು ತಳಕ್ಕೆ ಆಗುವ ಗಾಯ ಬೇಗ ಮಾಯುತ್ತದೆ, ಹವಳ ಬೆಳೆದ ತಳದ್ದು ಮಾಯುವುದಿಲ್ಲ. ಬಲೆಯೊಳಗೆ ಓರೆಯಾಗಿ ಕಬ್ಬಿಣದ ಸರಳು ಕೂರಿಸಿದರೆ ಆಮೆ ಅದಕ್ಕೆ ತಾಗಿ ಮೇಲಿನ ಕಿಂಡಿಯಿಂದ ಹೊರಗೆ ಹೋಗುತ್ತದೆ, ಸಿಗಡಿ ಒಳಗೆ ಸರಿಯುತ್ತದೆ. ಆದರೂ ನನ್ನನ್ನು ಕೇಳಿದರೆ, ಹೇಗೆ ಹಿಡಿದದ್ದು ಅಂತ ಗೊತ್ತಿಲ್ಲದ ಸಿಗಡಿಯನ್ನು ಅಪರೂಪಕ್ಕೆ ತಿನ್ನುವ ಪದಾರ್ಥ ಮಾಡಿಕೊಳ್ಳಿ ಅನ್ನುತ್ತೇನೆ. ಸಿಗಡಿ ಬೇಗ ಬೆಳೆಯುವ ಜೀವಿ, ಅದರದ್ದೇನೂ ತಪ್ಪಿಲ್ಲ. ಅದರ ಜೊತೆ ಬರುವವರ ವಯಸ್ಸು ನನಗೆ ಚಿಂತೆ.

ಬೂತಾಯಿ, ಬಂಗುಡೆಯಂಥ ಗುಂಪು ಮೀನಿನ ಸುತ್ತ ಬಲೆ ಬಿಟ್ಟು ಬಾಯಿ ಬಿಗಿದು ಎತ್ತುವ ಪರ್ಸೀನ್ ಸಾಮಾನ್ಯವಾಗಿ ಶುದ್ಧ ಬೇಟೆ. ಬೇರೆ ಜೀವಿ ಕಡಿಮೆ, ಇಂಧನವೂ ಕಡಿಮೆ. ಆದರೆ ಅದೇ ಪರ್ಸೀನನ್ನು ಟ್ಯೂನಾಕ್ಕೆ ಬಳಸುವಾಗ, ನೀರಲ್ಲಿ ತೇಲುವ ತೆಪ್ಪ ಬಿಟ್ಟು ಅದರ ನೆರಳಿಗೆ ಸೇರಿದ್ದನ್ನೆಲ್ಲ ಬಾಚಿದರೆ ಸ್ಕಿಪ್‌ಜಾಕ್ ಜೊತೆ ಯೆಲ್ಲೋಫಿನ್, ಬಿಗ್‌ಐ ಟ್ಯೂನಾದ ಮರಿಗಳೂ ಬರುತ್ತವೆ, ಶಾರ್ಕ್‌ಗಳೂ ಬರುತ್ತವೆ. ಟ್ಯೂನಾ ಡಬ್ಬಿಯ ಮೇಲೆ ‘ಕೋಲುಗಾಳದಿಂದ ಹಿಡಿದದ್ದು’ ಅಂತಿದ್ದರೆ ನಾನು ಅದನ್ನೇ ಎತ್ತಿಕೊಳ್ಳುತ್ತೇನೆ. ಮಾಲ್ಡೀವ್ಸ್‌ನವರು ತಲೆಮಾರುಗಳಿಂದ ಹೀಗೇ ಹಿಡಿಯುತ್ತಾರೆ. ಚಿಕ್ಕ ಜೀವಂತ ಮೀನನ್ನು ಎರಚಿ, ನೀರು ಚಿಮುಕಿಸಿ, ಟ್ಯೂನಾ ಉನ್ಮಾದದಲ್ಲಿ ಕುದಿಯುವಾಗ ಕೋಲಿನಿಂದ ಒಂದೊಂದನ್ನೇ ಎಸೆದು ಡೆಕ್ಕಿಗೆ ಹಾಕುವುದು. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಮುಳ್ಳು ಇರುವುದಿಲ್ಲ, ಮೀನು ತಾನೇ ಕಳಚಿ ಬೀಳುತ್ತದೆ. ಮೈಲಿಗಟ್ಟಲೆ ಉದ್ದದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟುವ ಸಾಲುಗಾಳದಲ್ಲಿ ಆಮೆ, ಶಾರ್ಕ್, ಆಲ್ಬಟ್ರಾಸ್‌ನಂಥ ಕಡಲಹಕ್ಕಿ ಸಿಕ್ಕಿಬೀಳುತ್ತವೆ. ಹಕ್ಕಿ ಬೆದರಿಸುವ ಪಟ್ಟಿ ಕಟ್ಟಿ, ರಾತ್ರಿ ಹೊತ್ತು ಗಾಳ ಇಳಿಸಿದರೆ ಇದು ತುಂಬಾ ಕಡಿಮೆಯಾಗುತ್ತದೆ. ಮಾಡುತ್ತಾರಾ ಅನ್ನುವುದು ಹಡಗಿನಿಂದ ಹಡಗಿಗೆ ಬೇರೆ.

ನೀಲಿ ಮುದ್ರೆ ಅಂದಿರಲ್ಲ, ಅದು ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನದ್ದು ಇರಬೇಕು. 1997ರಲ್ಲಿ ಶುರುವಾದ ಸಂಸ್ಥೆ. ಸಂತತಿ ಸಾಕಷ್ಟಿದೆಯೇ, ಸುತ್ತಲಿನ ಜೀವಿಗಳಿಗೆ ಎಷ್ಟು ಹಾನಿ, ನಿರ್ವಹಣೆ ಹೇಗಿದೆ ಅಂತ ಮೂರು ನೋಡುತ್ತಾರೆ. ಪರೀಕ್ಷೆ ಮಾಡುವುದು ಬೇರೆ ಸಂಸ್ಥೆಗಳು, ಅವರಿಗೆ ಹಣ ಕೊಡುವುದು ಮೀನುಗಾರಿಕೆಯವರೇ. ಕೆಲವು ದೊಡ್ಡ ಟ್ರಾಲ್ ಮೀನುಗಾರಿಕೆಗೂ ಮುದ್ರೆ ಕೊಟ್ಟಿದ್ದಾರೆ ಅನ್ನುವ ಟೀಕೆ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ಏನೂ ಗೊತ್ತಿಲ್ಲದ ಎರಡು ಪ್ಯಾಕೆಟ್ಟುಗಳ ನಡುವೆ ಮುದ್ರೆ ಇರುವುದನ್ನೇ ನಾನು ಆರಿಸುತ್ತೇನೆ. ಇಲ್ಲದ್ದು ಕೆಟ್ಟದ್ದು ಅಂತ ಮಾತ್ರ ತೀರ್ಮಾನಿಸಬೇಡಿ. ಸಣ್ಣ ದೋಣಿಯಲ್ಲಿ ಕೈಗಾಳ ಹಾಕುವವನಿಗೆ ಆ ಪರೀಕ್ಷೆಯ ಖರ್ಚು ಭರಿಸುವ ಶಕ್ತಿ ಇರುವುದಿಲ್ಲ. ಅವನ ಮೀನು ಮುದ್ರೆ ಹಾಕಿದ್ದಕ್ಕಿಂತ ಎಷ್ಟೋ ಪಾಲು ಒಳ್ಳೆಯದಿರಬಹುದು.

ಸಾಕಿದ ಮೀನಿನ ಬಗ್ಗೆ ಒಂದೇ ಮಾತು: ಅದು ಏನು ತಿಂದು ಬೆಳೆಯಿತು ಅಂತ ಕೇಳಿ. ಕಡಲಿಂದ ಹಿಡಿದ ಮೀನಿನಲ್ಲಿ ವರ್ಷಕ್ಕೆ ಸುಮಾರು 1 ಕೋಟಿ 70 ಲಕ್ಷ ಟನ್ ಮೀನುಹಿಟ್ಟು, ಮೀನೆಣ್ಣೆಗೆ ಹೋಗುತ್ತದೆ. ಅದರಲ್ಲಿ ದೊಡ್ಡ ಪಾಲು ಸಾಕಿದ ಮೀನು, ಸಿಗಡಿಗಳ ಹೊಟ್ಟೆಗೆ. ಸಾಲ್ಮನ್‌ನಂಥ ಮಾಂಸಾಹಾರಿ ಮೀನು ಸಾಕಿದರೆ ಕಡಲ ಮೇಲಿನ ಭಾರ ಪೂರ್ತಿ ಇಳಿಯುವುದಿಲ್ಲ, ಬೇರೆ ಹೆಸರಲ್ಲಿ ಬರುತ್ತದೆ. ಆದರೆ ಮೇವಿನಲ್ಲಿ ಸಸ್ಯದ ಪಾಲು ಹೆಚ್ಚುತ್ತಾ ಬಂದಿದೆ ಅನ್ನುವುದನ್ನೂ ಹೇಳಬೇಕು. ನೀಲಿಕಲ್ಲು, ಮಳಿ, ಕಪ್ಪೆಚಿಪ್ಪಿನ ಬಳಗಕ್ಕೆ ಮೇವೇ ಹಾಕಬೇಕಿಲ್ಲ. ನೀರಲ್ಲಿ ತೇಲುವುದನ್ನು ಸೋಸಿಕೊಂಡು ತಿನ್ನುತ್ತವೆ. ಅವನ್ನು ಸಾಕಿದ್ದಾದರೆ ಕಣ್ಣು ಮುಚ್ಚಿ ಕೊಳ್ಳಿ. ನೀರು ಮಾತ್ರ ಕೊಳಕಿರಬಾರದು.

ಅಂಗಡಿಯಲ್ಲಿ ನಿಂತಾಗ ಒಂದೆರಡು ಸಂಗತಿ. ಕಿವಿರು ಎತ್ತಿ ನೋಡಿ. ಕೆಂಪಾಗಿ, ಲೋಳೆ ತಿಳಿಯಾಗಿದ್ದರೆ ಒಳ್ಳೆಯದು. ಕಂದು ತಿರುಗಿ ಅಂಟಂಟಾಗಿದ್ದರೆ ಬೇಡ. ಕಣ್ಣು ಉಬ್ಬಿ ಹೊಳೆಯಬೇಕು, ಬೆರಳೊತ್ತಿದ ಗುಳಿ ತಕ್ಷಣ ತುಂಬಬೇಕು. ಹೆಪ್ಪುಗಟ್ಟಿಸಿದ ಮೀನು ಅಂದರೆ ಮೂಗು ಮುರಿಯಬೇಡಿ. ಹಿಡಿದ ಹಡಗಿನಲ್ಲೇ ಕೆಲವೇ ಗಂಟೆಯಲ್ಲಿ ಹೆಪ್ಪುಗಟ್ಟಿಸಿದ್ದು, ಐದಾರು ದಿನ ಐಸಿನ ಮೇಲೆ ಮಲಗಿದ ‘ತಾಜಾ’ ಮೀನಿಗಿಂತ ಎಷ್ಟೋ ಸಲ ವಾಸಿ. ವಿಮಾನದಲ್ಲಿ ಬಂದ ತಾಜಾ ಮೀನಿಗಿಂತ ಹಡಗಿನಲ್ಲಿ ಬಂದ ಹೆಪ್ಪುಗಟ್ಟಿದ ಮೀನಿಗೆ ಸುಟ್ಟ ಇಂಧನವೂ ತೀರಾ ಕಡಿಮೆ. ಟ್ಯೂನಾ, ಬಂಗುಡೆ, ಬೂತಾಯಿಗಳಿಗೆ ತಂಪು ತಪ್ಪಿದರೆ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಹಾಗಾಗಿ ಕೊಂಡ ಮೇಲೆ ಬೇರೆ ಕೆಲಸ ಇಟ್ಟುಕೊಳ್ಳದೆ ಸೀದಾ ಮನೆಗೆ ಬನ್ನಿ.

ಇಷ್ಟೆಲ್ಲ ಕೇಳುತ್ತಾ ನಿಂತರೆ ಅಂಗಡಿಯವನಿಗೆ ರೇಗುವುದಿಲ್ಲವಾ? ಒಂದೇ ಪ್ರಶ್ನೆ ಕೇಳಿ: ‘ಇವತ್ತು ಯಾವ ಮೀನು ಜಾಸ್ತಿ ಬಂದಿದೆ?’ ಅದಕ್ಕೆ ಅವನು ಖುಷಿಯಿಂದ ಉತ್ತರ ಹೇಳುತ್ತಾನೆ. ಸಾಮಾನ್ಯವಾಗಿ ಅದು ಬೇಗ ಬೆಳೆಯುವ, ಗುಂಪಲ್ಲಿ ಬರುವ ಮೀನೇ ಆಗಿರುತ್ತದೆ. ಮನೆಯಿಂದ ಒಂದೇ ಹೆಸರು ಬರೆದುಕೊಂಡು ಹೋಗುವವರು ಹೆಚ್ಚಾದಷ್ಟೂ ಆ ಒಂದು ಮೀನಿನ ಹಿಂದೆ ದೋಣಿಗಳು ಓಡುತ್ತವೆ.

ಕೊನೆಗೆ ನಿಮ್ಮ ಮೊಟ್ಟೆಯ ಮೀನು. ಮೊಟ್ಟೆ ಕಂಡು ಬೇಸರವಾಗುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿ. ಮೊಟ್ಟೆ ಇಡುವ ಮುಂಚಿನ ತಿಂಗಳಲ್ಲಿ ಹಿಡಿದ ಮೀನೂ ಸತ್ತೇ ಹೋಯಿತು, ಅದಕ್ಕೆ ಆರು ತಿಂಗಳ ಮೊದಲು ಖಾಲಿ ಹೊಟ್ಟೆಯಲ್ಲಿದ್ದಾಗ ಹಿಡಿದಿದ್ದರೂ ಸತ್ತೇ ಹೋಗುತ್ತಿತ್ತು. ಎರಡರಲ್ಲೂ ಆ ವರ್ಷದ ಮೊಟ್ಟೆ ಕಡಲಿಗೆ ಸಿಗುವುದಿಲ್ಲ. ಖಾಲಿ ಹೊಟ್ಟೆಯದ್ದನ್ನು ತಿಂದಾಗ ನಮಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ವರ್ಷಕ್ಕೆ ಒಟ್ಟು ಎಷ್ಟು ಹಿಡಿದರು, ಸಾಯುವ ಮೊದಲು ಅದು ಒಂದು ಸಲವಾದರೂ ಮೊಟ್ಟೆ ಇಟ್ಟಿತ್ತಾ ಅನ್ನುವುದೇ ಮುಖ್ಯ. ನಿಮ್ಮ ಮೀನು ಕನಿಷ್ಠ ಪ್ರಾಯಕ್ಕಂತೂ ಬಂದಿತ್ತು.

ಇದಕ್ಕೆ ದೊಡ್ಡದೊಂದು ಅಪವಾದ ಇದೆ. ಕೆಲವು ಮೀನುಗಳು ಮೊಟ್ಟೆ ಇಡಲು ವರ್ಷಕ್ಕೊಮ್ಮೆ ಒಂದೇ ಜಾಗದಲ್ಲಿ ನೆರೆಯುತ್ತವೆ. ನಸಾವ್ ಗ್ರೂಪರ್ ಚಳಿಗಾಲದ ಹುಣ್ಣಿಮೆಯ ಸುತ್ತಮುತ್ತ ಹೀಗೆ ಸಾವಿರಗಟ್ಟಲೆ ಸೇರುತ್ತದೆ. ಜಾಗ ಗೊತ್ತಾದರೆ ಕೆಲವೇ ದಿನಗಳಲ್ಲಿ ಇಡೀ ಪ್ರದೇಶದ ದೊಡ್ಡ ಮೀನನ್ನೆಲ್ಲ ಎತ್ತಿಬಿಡಬಹುದು. ಕೆರಿಬಿಯನ್‌ನಲ್ಲಿ ಹಾಗೇ ಆಯಿತು. ಕಾಯ್ಮನ್ ದ್ವೀಪಗಳವರು 2003ರಲ್ಲಿ ನೆರೆಯುವ ಜಾಗದಲ್ಲಿ ಬೇಟೆ ನಿಲ್ಲಿಸಿದರು. ಲಿಟಲ್ ಕಾಯ್ಮನ್ ಬಳಿ ನೆರೆಯುವ ಮೀನು ಸುಮಾರು ಹದಿನೈದು ವರ್ಷದಲ್ಲಿ ಮೂರು ಪಟ್ಟು ದಾಟಿತು. ಹಾಗಾಗಿ ಗ್ರೂಪರ್‌ನಂಥ ಮೀನು ಇದ್ದಕ್ಕಿದ್ದಂತೆ ರಾಶಿ ರಾಶಿ ಬಂದು, ಎಲ್ಲದರ ಹೊಟ್ಟೆಯಲ್ಲೂ ಮೊಟ್ಟೆ ಇದ್ದರೆ ಕೊಳ್ಳಬೇಡಿ. ‘ಜಾಸ್ತಿ ಬಂದದ್ದನ್ನು ಕೊಳ್ಳಿ’ ಅನ್ನುವ ನನ್ನ ಮಾತು ಅಲ್ಲಿ ನಡೆಯುವುದಿಲ್ಲ.

ನಿಮ್ಮ ಕೈಗೆ ಬಂದದ್ದು ಬೂತಾಯಿಯೋ ಬಂಗುಡೆಯೋ ಆಗಿದ್ದರೆ, ಮೊಟ್ಟೆ ಎಸೆದದ್ದು ಮಾತ್ರ ನನಗೆ ಹೊಟ್ಟೆ ಉರಿಸಿತು. ಮೀನು ಹೇಗೂ ವಾಪಸ್ ಬರುವುದಿಲ್ಲ. ಗೊತ್ತಿರುವ, ತಿನ್ನುವ ಜಾತಿಯಾದರೆ ಮುಂದಿನ ಸಲ ಮೊಟ್ಟೆಯ ತೆಳು ಚೀಲ ಒಡೆಯದ ಹಾಗೆ ಮೆಲ್ಲಗೆ ಬಿಡಿಸಿ, ತಣ್ಣೀರಲ್ಲಿ ತೊಳೆದು, ಸಣ್ಣ ಉರಿಯಲ್ಲಿ ಬೇಯಿಸಿ. ದೊಡ್ಡ ಉರಿಯಾದರೆ ಸಿಡಿಯುತ್ತದೆ, ಕಣ್ಣು ಜೋಪಾನ. ತಲೆಯನ್ನೂ ಎಸೆಯಬೇಡಿ. ಬೆಂದ ಮೇಲೆ ಮಗಳ ಜೊತೆ ಕೂತು ಬಿಡಿಸಿ ನೋಡಿ. ತಾಳ್ಮೆ ಇದ್ದರೆ ಆ ಎರಡು ಬಿಳಿ ಕಲ್ಲು ಸಿಗುತ್ತವೆ.